ಗಾಜಿನ ಮನೆಯ ನೆರೆಹೊರೆ

ನಮ್ಮದು ಮೀನು ತಿನ್ನದ ಮನೆ. ಕುಮಟೆಯಂತಹ ಕಡಲ ತಡಿಯ ಊರಿನಲ್ಲಿ ಮೂವತ್ತು ವರ್ಷ ಬಾಳ್ವೆ ಮಾಡಿದರೂ ಮೀನುಪೇಟೆಯ ಬಾಗಿಲಿನಿಂದ ಈಚೆಗೇ ತಿರುಗಿ ಬಂದವನು ನಾನು. ಅಂತಹವನ ಜಗುಲಿಯ ಮೇಲೆ ಈಗ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಆರು ಮೀನುಗಳೂ ಎಣಿಕೆಗೆ ಸಿಗದಷ್ಟು ಸಿಗಡಿಗಳೂ ಸಂಸಾರ ಹೂಡಿವೆ ಎಂದರೆ ಓದುಗರು ನಗಬಹುದು. ನಮ್ಮ ಕೇರಿಯವರು ಆಗಲೇ ನಕ್ಕಿದ್ದಾರೆ. "ಭಟ್ಟರು ಶೆಟ್ಲಿ ಸಾಕುತ್ತಾರಂತೆ" ಎಂಬ ಮಾತು ಬಸ್ ನಿಲ್ದಾಣದವರೆಗೂ ಹೋಗಿ, ಅಲ್ಲಿಂದ ನನ್ನ ಕಿವಿಗೆ ಮರಳಿ ಬಂದಿದೆ.

ತೊಟ್ಟಿಯ ಒಡತಿ ನನ್ನ ಮೊಮ್ಮಗಳು. ಹೊನ್ನಾವರದಲ್ಲಿದ್ದ ಅಳಿಯಂದಿರಿಗೆ ಕಳೆದ ವರ್ಷ ಘಟ್ಟದ ಮೇಲಿನ ಊರಿಗೆ ವರ್ಗವಾಯಿತು. ಪಾತ್ರೆ ಪರಡಿಗಳೆಲ್ಲ ಲಾರಿಯೇರಿದವು. ಆದರೆ ಮೀನಿನ ತೊಟ್ಟಿ ಲಾರಿಯ ಕುಲುಕಾಟಕ್ಕೆ ಒಗ್ಗುವ ವಸ್ತುವಲ್ಲ. "ಅಜ್ಜ, ನಾವು ಹೊಸ ಮನೆ ಹೊಂದಿಸಿಕೊಳ್ಳುವವರೆಗೆ ನೀನು ನೋಡಿಕೊಳ್ಳುತ್ತೀಯಾ?" ಎಂದು ಹುಡುಗಿ ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮೀನುಗಳು ಗಾಳಿ ತುಂಬಿದ ಚೀಲಗಳಲ್ಲಿ ಬಂದವು. ಗಾಳಿಯ ಗುಳ್ಳೆಗಳಿಂದ ನೀರು ಸೋಸುವ ಸ್ಪಂಜು ಮಾತ್ರ ಒದ್ದೆಯಾಗಿಯೇ, ಬೇರೊಂದು ಡಬ್ಬಿಯಲ್ಲಿ ಬಂದಿತು. "ಇದನ್ನು ನಲ್ಲಿಯಡಿ ಉಜ್ಜಿ ತೊಳೆಯಬೇಡ" ಎಂದು ಅವಳು ಬರೆದುಕೊಟ್ಟ ಚೀಟಿಯ ಮರ್ಮ ನನಗೆ ಆಮೇಲೆ ತಿಳಿಯಿತು. ಮೀನಿನ ಮಲದಿಂದಲೂ ಕೊಳೆತ ಆಹಾರದಿಂದಲೂ ಹುಟ್ಟುವ ಅಮೋನಿಯ ವಿಷಕಾರಿ. ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಆ ಸ್ಪಂಜಿನಲ್ಲಿ ಮನೆ ಮಾಡಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಕೊಂಡ ದಿನವೇ ಮೀನು ತಂದು ಬಿಟ್ಟು, ವಾರದೊಳಗೆ ಕಳೆದುಕೊಂಡು, "ನಮಗೆ ಮೀನು ಆಗಿಬರುವುದಿಲ್ಲ" ಎನ್ನುವವರು ಈ ಮಾತನ್ನು ಲಕ್ಷ್ಯದಲ್ಲಿಡಬೇಕು.

ಈಗ ಮೀನುಗಳ ಪರಿಚಯ. ಇವು ಮೀಸೆಮೀನಿನ ಜಾತಿಯವು. ಇಂಗ್ಲಿಷಿನವರು ಕ್ಯಾಟ್‌ಫಿಶ್ ಎಂದು ಬೆಕ್ಕಿಗೆ ಹೋಲಿಸುತ್ತಾರೆ. ತವರು ದಕ್ಷಿಣ ಅಮೆರಿಕ. ಸಾಕುವವರು ಇವನ್ನು ಕೋರಿಡೋರಸ್ ಎಂದೇ ಕರೆಯುತ್ತ ಬಂದಿದ್ದಾರೆ. ವಿದ್ವಾಂಸರು ೨೦೨೪ರಲ್ಲಿ ಆ ದೊಡ್ಡ ಕುಲವನ್ನು ಹಲವು ಕುಲಗಳಾಗಿ ಪಾಲು ಮಾಡಿದರು. ನಮ್ಮ ತೊಟ್ಟಿಯಲ್ಲಿರುವುದು ಸ್ಟರ್ಬಾಯ್ ಎಂಬ ಬಗೆ: ಬೆರಳುದ್ದಕ್ಕೂ ಕಡಿಮೆ, ಕಪ್ಪು ತಲೆಯ ಮೇಲೆ ಬಿಳಿಯ ಚುಕ್ಕೆಗಳು, ಕಿತ್ತಳೆ ಬಣ್ಣದ ಎದೆರೆಕ್ಕೆ. ಈ ಕುಟುಂಬದ ಅನೇಕ ಮೀನುಗಳು ತಣ್ಣನೆಯ ನೀರನ್ನು ಬಯಸಿದರೆ, ಇದು ೨೮ ಡಿಗ್ರಿಯವರೆಗೂ ತಾಳಿಕೊಳ್ಳುತ್ತದೆ. ಭಟ್ಕಳದಿಂದ ಕುಮಟೆಯವರೆಗಿನ ಬೇಸಗೆಯನ್ನು ಬಲ್ಲವರಿಗೆ ಈ ಗುಣದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಒಂಟಿಯಾಗಿ ಇಟ್ಟರೆ ಸೊರಗುವ ಪ್ರಾಣಿ, ಐದಾರಾದರೂ ಜತೆಯಲ್ಲಿರಬೇಕು. ತೊಟ್ಟಿಯ ತಳಕ್ಕೆ ನುಣುಪಾದ ಮರಳನ್ನೇ ಹಾಕಬೇಕು. ಚೂಪು ಜಲ್ಲಿ ಹಾಕಿದರೆ ನೆಲ ಕೆದಕುತ್ತ ತಿರುಗುವ ಇವುಗಳ ಮೀಸೆ ಸವೆದುಹೋಗುತ್ತದೆ. ಆಗಾಗ ಸರ್ರನೆ ಮೇಲಕ್ಕೆ ಹಾರಿ ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುವುದನ್ನು ಕಂಡು ನಾನು ಮೊದಲ ದಿನ ಗಾಬರಿಗೊಂಡಿದ್ದೆ. ಕರುಳಿನಿಂದಲೂ ಉಸಿರಾಡುವ ಶಕ್ತಿ ಇವಕ್ಕಿದೆ ಎಂದು ತಿಳಿದ ಮೇಲೆ ಸಮಾಧಾನವಾಯಿತು. ಕಸ ತಿಂದು ತೊಟ್ಟಿಯನ್ನು ಶುಚಿ ಮಾಡುವ ಮೀನೆಂದು ಅಂಗಡಿಯಲ್ಲಿ ಹೇಳುವುದುಂಟು. ಅದನ್ನು ನಂಬಿ ಉಪವಾಸ ಕೆಡವಬಾರದು. ತಳಕ್ಕೆ ಮುಳುಗುವ ಆಹಾರವನ್ನು ದಿನವೂ ಕೊಡಬೇಕು.

ಸಿಗಡಿಗಳಾದರೋ ತೈವಾನ್, ಚೀನಗಳ ಮೂಲದವು. ಚೆರ್ರಿ ಹಣ್ಣಿನ ಕೆಂಪು, ಹೆಚ್ಚೆಂದರೆ ಒಂದಂಗುಲ ಉದ್ದ. ಇವುಗಳ ಹೆಚ್ಚಳವೆಂದರೆ ತೊಟ್ಟಿಯಲ್ಲಿಯೇ ಸಂತತಿ ಬೆಳೆಯುವುದು. ತಾಯಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು, ಸಣ್ಣ ಕಾಲುಗಳಿಂದ ಗಾಳಿ ಬೀಸುತ್ತ ಮೂರು ನಾಲ್ಕು ವಾರ ಕಾಯುತ್ತದೆ. ಹೊರಬರುವ ಮರಿ ತಾಯಿಯ ಪಡಿಯಚ್ಚು. ನಮ್ಮ ಹೊಳೆಯ ದೊಡ್ಡ ಸಿಗಡಿಗಳ ರೀತಿ ಬೇರೆ. ಅವುಗಳಲ್ಲಿ ಹಿರಿಯದಾದ ಮ್ಯಾಕ್ರೋಬ್ರಾಕಿಯಂ ರೋಸನ್‌ಬರ್ಗಿಯ ಹೆಣ್ಣು ಮೊಟ್ಟೆ ಬಿಡುವ ಹೊತ್ತಿಗೆ ಸಿಹಿನೀರಿನಿಂದ ಅಳಿವೆಯತ್ತ ಇಳಿಯುತ್ತದೆ. ಮರಿಗಳು ಚೌಳು ನೀರಿನಲ್ಲಿ ಹಲವು ರೂಪಗಳನ್ನು ದಾಟಿ ಬೆಳೆದು ಮತ್ತೆ ಹೊಳೆಯೇರುತ್ತವೆ. ಹೊಳೆ ಮತ್ತು ಕಡಲಿನ ನಡುವಣ ಆ ದಾರಿಯನ್ನು ಗಾಜಿನೊಳಗೆ ಕಟ್ಟಿಕೊಡಲು ನಮ್ಮಿಂದಾಗದು. ಅಲ್ಲದೆ ಅವುಗಳ ಉದ್ದ ಚಿಮಟಗಳಿಗೆ ರಾತ್ರಿ ಮಲಗಿದ ಪುಟ್ಟ ಮೀನು ಒಳ್ಳೆಯ ತುತ್ತು.

ಇಬ್ಬರ ನೆರೆಹೊರೆ ಚೆನ್ನಾಗಿಯೇ ನಡೆಯಿತು. ಕೋರಿಡೋರಸ್ ಬೇಟೆಗಾರನಲ್ಲ, ಎದುರು ಸಿಕ್ಕಿದ ಕಣದಂತಹ ಮರಿಯನ್ನು ನುಂಗಿದರೂ ಬೆಳೆದ ಸಿಗಡಿಯ ಗೊಡವೆಗೆ ಹೋಗುವುದಿಲ್ಲ. ಮರಿಗಳು ಅಡಗಲು ಒಂದು ಹಿಡಿ ಪಾಚಿಗಿಡವಿದ್ದರೆ ಸಾಕು. ನಮ್ಮ ಕೆಂಪು ಜಂಬಿಟ್ಟಿಗೆಯ ನೆಲದ ಬಾವಿನೀರು ಮೆದು, ಸುಣ್ಣದ ಅಂಶ ಕಡಿಮೆ. ಸಿಗಡಿಗಾದರೋ ಪೊರೆ ಕಳಚಿ ಹೊಸ ಚಿಪ್ಪು ಕಟ್ಟಲು ಸುಣ್ಣ ಬೇಕು. ಇದಕ್ಕೆ ಉಪಾಯ ಹೇಳಿದವಳು ಅಘನಾಶಿನಿಯಲ್ಲಿ ಬಳಚು ಆಯುವ ಒಬ್ಬ ಹೆಂಗಸು. ಚೆನ್ನಾಗಿ ಕುದಿಸಿ ತೊಳೆದ ನಾಲ್ಕು ಬಳಚಿನ ಚಿಪ್ಪುಗಳನ್ನು ಮರಳಿನ ಮೇಲೆ ಇಟ್ಟೆ. ಅಂದಿನಿಂದ ಪೊರೆ ಕಳಚುವಾಗ ಸಾಯುವ ಸಿಗಡಿಗಳು ಕಡಿಮೆಯಾದವು.

ಹೀಗೆ ನಾನೂ ಒಬ್ಬ ಬಲ್ಲಿದನಾದೆನೆಂದು ಬೀಗುತ್ತಿದ್ದಾಗ ಮೇ ತಿಂಗಳು ಬಂದಿತು. ಬಾವಿಯ ನೀರು ತಳ ಹಿಡಿಯಿತು. ಬಾಯಿಗೆ ಹಾಕಿದರೆ ತುಸು ಉಪ್ಪು. ಉಪ್ಪುನೀರು ಮೀಸೆಮೀನಿಗೆ ಹಿತವಲ್ಲವೆಂದು ಚೀಟಿಯಲ್ಲಿ ಬರೆದಿತ್ತು. ನನಗೊಂದು ಯುಕ್ತಿ ಹೊಳೆಯಿತು. ಬಚ್ಚಲಿನಲ್ಲಿ ನಮ್ಮ ತಾಯಿಯ ಕಾಲದ ತಾಮ್ರದ ಹಂಡೆಯಿದೆ. ಮೇಲ್ದಂಡೆಯ ನೆಂಟರ ಬಾವಿಯಿಂದ ಸಿಹಿನೀರು ತರಿಸಿ ಅದರಲ್ಲಿ ತುಂಬಿಟ್ಟೆ. ತಾಮ್ರದ ನೀರು ಮನುಷ್ಯನಿಗೆ ಒಳ್ಳೆಯದಲ್ಲವೆ? ಮೀನಿಗೂ ಒಳ್ಳೆಯದೇ ಇರಬೇಕು. ಎರಡು ರಾತ್ರಿ ನಿಂತ ಆ ನೀರನ್ನು ಎರಡು ಕೊಡದಷ್ಟು ತೊಟ್ಟಿಗೆ ಹೊಯ್ದು ನೆಮ್ಮದಿಯಿಂದ ಮಲಗಿದೆ.

ಬೆಳಗ್ಗೆ ದೀಪ ಹಾಕಿದರೆ ಮೀನುಗಳು ಎಂದಿನಂತೆ ಮರಳು ಕೆದಕುತ್ತಿದ್ದವು. ಸಿಗಡಿಗಳು ಮಾತ್ರ ಮಗುಚಿಬಿದ್ದಿದ್ದವು. ಹದಿನಾಲ್ಕನ್ನು ಎತ್ತಿ ಹಾಕಿದೆ. ಮೂರರ ಹೊಟ್ಟೆಯಡಿ ಮೊಟ್ಟೆಗಳಿದ್ದವು.

ಆಗಿದ್ದಿಷ್ಟು: ಜಂಬಿಟ್ಟಿಗೆ ನೆಲದ ಮೆದುವಾದ, ತುಸು ಹುಳಿಯಾದ ನೀರು ತಾಮ್ರವನ್ನು ಬೇಗ ಕರಗಿಸಿಕೊಳ್ಳುತ್ತದೆ. ಆ ಪ್ರಮಾಣ ನಮಗೆ ಲೆಕ್ಕಕ್ಕಿಲ್ಲ, ಮೀನೂ ಒಂದಿಷ್ಟು ತಾಳೀತು; ಸಿಗಡಿಯ ಕಿವಿರಿಗೆ ಅದೇ ವಿಷ. ವಿಚಿತ್ರವೆಂದರೆ, ನಮ್ಮ ರಕ್ತ ಕಬ್ಬಿಣದಿಂದ ಉಸಿರನ್ನು ಹೊರುವಂತೆ ಸಿಗಡಿಯ ರಕ್ತ ತಾಮ್ರದಿಂದಲೇ ಹೊರುತ್ತದೆ. ಮೈಯೊಳಗೆ ಬೇಕಾದದ್ದು ನೀರಿನಲ್ಲಿ ಹೆಚ್ಚಾದರೆ ಪ್ರಾಣ ತೆಗೆಯುತ್ತದೆ. ಮೀನಿನ ರೋಗಕ್ಕೆ ಮಾರುವ ಎಷ್ಟೋ ಔಷಧಿಗಳಲ್ಲಿಯೂ ತಾಮ್ರವಿರುತ್ತದೆ. ಸಿಗಡಿಯಿರುವ ತೊಟ್ಟಿಗೆ ಅವನ್ನು ಹಾಕಕೂಡದು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಆ ನೀರನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಿಸಿದ ಮೇಲೆಯೇ ಬಳಸಬೇಕು.

ಆ ಸಂಜೆ ಮೊಮ್ಮಗಳ ದೂರವಾಣಿ ಬಂದಿತು. ಸುಳ್ಳು ಹೇಳಬಹುದಾಗಿತ್ತು, ಬೇಸಗೆಯ ಮೇಲೆ ತಪ್ಪು ಹೊರಿಸುವುದು ಸುಲಭ. "ಕೂಸೆ, ನಾನೇ ಕೊಂದೆ" ಎಂದು ಹೇಳಿ, ಹಂಡೆಯ ಕಥೆಯನ್ನು ಪೂರ್ತಿ ಒಪ್ಪಿಸಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಪಾಚಿಯೊಳಗೆ ನೋಡಿದೆಯಾ ಅಜ್ಜ?" ಎಂದಳು. ನೋಡಿರಲಿಲ್ಲ. ಭೂತಗನ್ನಡಿ ಹಿಡಿದು ಕುಳಿತಾಗ ಜೀವವಿದ್ದ ಐದು ಸಿಕ್ಕವು. ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸುತ್ತ ಬಂದೆ. ಅವು ಉಳಿದವು.

ಜೂನ್ ಬಂದಿತು. ಮೊದಲ ಮಳೆ ಹನಿದು ಗಾಳಿ ತಣ್ಣಗಾದ ವಾರದಲ್ಲಿ, ತೊಟ್ಟಿಯ ಮೂರನೆಯ ಒಂದು ಪಾಲು ನೀರು ತೆಗೆದು, ಎರಡು ಮೂರು ಡಿಗ್ರಿ ತಂಪಾದ ಬಾವಿನೀರು ತುಂಬಿದೆ. ಕೋರಿಡೋರಸ್ ತನ್ನ ತವರಿನಲ್ಲಿ ಮಳೆಯ ಹೊಸನೀರನ್ನು ಕಂಡು ಮರಿಮಾಡುವ ಮೀನು. ನಮ್ಮ ಮುಂಗಾರೂ ಅದಕ್ಕೆ ಅದೇ ಭಾಷೆಯಲ್ಲಿ ಮಾತಾಡಿತೆಂದು ಕಾಣುತ್ತದೆ. ಮರುದಿನ ಮುಂಜಾನೆ ಹೆಣ್ಣೊಂದು ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆಯಂತೆ ಮಾಡಿ, ಅದರಲ್ಲಿ ಒಂದೆರಡು ಮೊಟ್ಟೆ ಹೊತ್ತು, ಗಾಜನ್ನು ಮೂತಿಯಿಂದ ಒರಸಿ, ಅಲ್ಲಿ ಅಂಟಿಸಿ ಹೋಗುತ್ತಿತ್ತು. ಮಧ್ಯಾಹ್ನದೊಳಗೆ ಗಾಜಿನ ತುಂಬ ಸಾಬಕ್ಕಿ ಚೆಲ್ಲಿದಂತಾಯಿತು.

ಹೆತ್ತವರು ತಮ್ಮ ಮೊಟ್ಟೆಯನ್ನು ತಾವೇ ತಿನ್ನುವುದುಂಟು. ಆದುದರಿಂದ ಅವನ್ನು ಬೆರಳಿನಿಂದ ಮೆಲ್ಲನೆ ಉರುಳಿಸಿ, ಅದೇ ತೊಟ್ಟಿಯ ನೀರಿದ್ದ ಡಬ್ಬಿಗೆ ಸೇರಿಸಿ, ಗಾಳಿಯ ಕೊಳವೆ ಇಟ್ಟೆ. ಬೂಷ್ಟು ಹಿಡಿಯದಂತೆ ಕೆಲವರು ನೀಲಿ ಔಷಧಿ ಹನಿಸುತ್ತಾರೆ. ನಾನು ಮೊಮ್ಮಗಳ ಸಲಹೆಯಂತೆ, ಬದುಕಿದ ಐದರಲ್ಲಿ ಎರಡು ಸಿಗಡಿಗಳನ್ನು ಆ ಡಬ್ಬಿಗೆ ಬಿಟ್ಟೆ. ಅವು ಮೊಟ್ಟೆಗಳ ಮೇಲೆ ಕುಳಿತು ತಮ್ಮ ಹನಿಗಾತ್ರದ ಕೈಗಳಿಂದ ಒಂದೊಂದನ್ನೂ ಉಜ್ಜಿ, ಕೆಟ್ಟು ಬೆಳ್ಳಗಾದವನ್ನು ತಿಂದು, ಒಳ್ಳೆಯವನ್ನು ಬಿಟ್ಟವು. ನಾಲ್ಕನೆಯ ದಿನ ಕೂದಲೆಳೆಯಂತಹ ಮರಿಗಳು ತಳದಲ್ಲಿ ಮಿಡುಕಿದವು. ಎರಡು ಮೂರು ದಿನ ಅವಕ್ಕೆ ಹೊಟ್ಟೆಯ ಬುತ್ತಿಯೇ ಸಾಕು. ಬಳಿಕ ಆರ್ಟೀಮಿಯ ಎಂಬ ಉಪ್ಪುನೀರಿನ ಹುಳುವಿನ ಮೊಟ್ಟೆಗಳನ್ನು, ಲೀಟರಿಗೆ ಸುಮಾರು ೨೫ ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಒಂದು ದಿನ ಗಾಳಿಯಾಡಿಸಿ, ಒಡೆದ ಮರಿಗಳನ್ನು ಸೋಸಿ ಉಣಿಸಬೇಕು. ನಲವತ್ತರಲ್ಲಿ ಇಪ್ಪತ್ತೆರಡು ದಕ್ಕಿದವು.

ಈಗ ತೊಡಕು ಹುಟ್ಟಿದ್ದು ಇಲ್ಲಿಯೇ. ೫೫ ಲೀಟರಿನ ತೊಟ್ಟಿಯಲ್ಲಿ ಇಪ್ಪತ್ತೆಂಟು ಮೀನಿಗೆ ಜಾಗವೆಲ್ಲಿ? ರಜೆಗೆ ಬಂದ ಹುಡುಗಿ, "ಶರಾವತಿಗೆ ಬಿಡೋಣ ಅಜ್ಜ, ಆರಾಮಾಗಿ ಇರುತ್ತವೆ" ಎಂದಳು. ಮನಸ್ಸು ಒಳ್ಳೆಯದು, ನನ್ನ ಹಂಡೆಯ ನೀರಿನಂತೆಯೇ ಒಳ್ಳೆಯದು. ನಾನು ಅವಳನ್ನು ಕೂರಿಸಿಕೊಂಡು ಹೇಳಿದೆ: ಶರಾವತಿಗೆ ತನ್ನದೇ ಮೀಸೆಮೀನುಗಳಿವೆ. ೨೦೦೪ರಲ್ಲಿ ವಿಜ್ಞಾನಿಗಳು ಆ ಹೊಳೆಯ ಹೊಸ ಬಗೆಯೊಂದಕ್ಕೆ ಬಟಾಸಿಯೊ ಶರಾವತಿಯೆನ್ಸಿಸ್ ಎಂದು ಹೊಳೆಯ ಹೆಸರನ್ನೇ ಇಟ್ಟರು. ನಮ್ಮ ಅಘನಾಶಿನಿಯ ಅಳಿವೆ ೨೦೨೪ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ಗಜನಿ ಗದ್ದೆಗಳಲ್ಲಿ ಕಗ್ಗದ ಭತ್ತ ಬೆಳೆಯುತ್ತದೆ, ಉಬ್ಬರದ ನೀರಿನೊಡನೆ ಸಿಗಡಿ ಬರುತ್ತದೆ, ಅದರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ತೊಟ್ಟಿಯ ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಇನ್ನೊಂದು ದಕ್ಷಿಣ ಅಮೆರಿಕದ ಮೀಸೆಮೀನನ್ನು ಬೆರಳಗಲ ಇರುವಾಗ ಕೊಂಡು, ಒಂದಡಿ ಮೀರಿ ಬೆಳೆದಾಗ ಸಾಕಲಾರದೆ ಜನರು ಕೆರೆಗೆ ಬಿಟ್ಟರು. ಇಂದು ಕೇರಳ, ಆಂಧ್ರ, ಬಂಗಾಳಗಳ ನೀರಿನಲ್ಲಿ ಅದು ದಂಡೆ ಕೊರೆಯುತ್ತಿದೆ, ಬಲೆ ಹರಿಯುತ್ತಿದೆ; ಆಂಧ್ರದ ಬೆಸ್ತರು ಅದನ್ನು ದೆವ್ವದ ಮೀನೆನ್ನುತ್ತಾರೆ. ನಮ್ಮ ಮೀನು ಅಷ್ಟು ಕೇಡಿಗನಲ್ಲದಿರಬಹುದು. ಅದರ ಮೈಯಲ್ಲಿ ಯಾವ ರೋಗವಿದೆಯೆಂದು ಹೊಳೆಯ ಮೀನಿಗೆ ಹೇಳಿ ಬಿಡಲು ನಮಗೆ ಬರುತ್ತದೆಯೆ?

ಹುಡುಗಿ ತುಸು ಹೊತ್ತು ಮುಖ ಊದಿಸಿಕೊಂಡಿದ್ದಳು. ಆಮೇಲೆ ತಾನೇ ಒಂದು ಪಟ್ಟಿ ಮಾಡಿದಳು: ಹೊನ್ನಾವರದ ಹಳೆಯ ಗೆಳತಿಗೆ ಆರು, ಭಟ್ಕಳದಲ್ಲಿ ತೊಟ್ಟಿಯಿಟ್ಟಿರುವ ಅವಳ ಮಾಸ್ತರರ ಮನೆಗೆ ಎಂಟು, ತನ್ನ ಹೊಸ ಮನೆಗೆ ಎಂಟು. ಹಿರಿಯ ಆರು ಅಜ್ಜನ ಪಾಲಿಗೆ. ಒಯ್ಯುವ ಪ್ರತಿಯೊಬ್ಬರಿಗೂ ಚೀಟಿಯೊಂದನ್ನು ಬರೆದುಕೊಟ್ಟಳು. ಅದರ ಮೊದಲ ಸಾಲು, "ಸ್ಪಂಜನ್ನು ನಲ್ಲಿಯಡಿ ತೊಳೆಯಬೇಡಿ." ಎರಡನೆಯದು, "ಸಾಕಲಾಗದಿದ್ದರೆ ನಮಗೆ ಮರಳಿ ಕೊಡಿ, ಹೊಳೆಗೆ ಬಿಡಬೇಡಿ." ಮೂರನೆಯದನ್ನು ಬರೆಯುವಾಗ ನನ್ನ ಮುಖ ನೋಡಿ ನಕ್ಕಳು: "ತಾಮ್ರದ ಹಂಡೆಯ ನೀರು ಅಜ್ಜನ ಸ್ನಾನಕ್ಕೆ ಮಾತ್ರ."