ಆಫ್ ಸೀಸನ್‌ನಲ್ಲೇ ಅಂಗಡಿ ಬಾಗಿಲು ತೆರೆಸಿದ ಅಲೆ: ನಜರೆ ಊರಿನ ಲೆಕ್ಕಾಚಾರ

ಪೋರ್ಚುಗಲ್‌ನ ಲಿಸ್ಬನ್‌ನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿ ನಜರೆ ಅನ್ನೋ ಮೀನುಗಾರರ ಪಟ್ಟಣ ಇದೆ. ಜನಸಂಖ್ಯೆ 15 ಸಾವಿರದ ಆಸುಪಾಸು. ಹೆಂಗಸರು ಈಗಲೂ ಮರಳ ಮೇಲೆ ಬಲೆಯ ಚೌಕಟ್ಟು ಇಟ್ಟು ಮೀನು ಒಣಗಿಸುತ್ತಾರೆ, ಮಾರುತ್ತಾರೆ. ನಮ್ಮ ಕರಾವಳಿಯವರಿಗೆ ಹೊಸ ನೋಟವೇನಲ್ಲ. ಹೊಸದು ಏನಂದರೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಚಳಿ-ಗಾಳಿಯಲ್ಲೂ ಅಲ್ಲಿ ಗಿರಾಕಿ ಇರೋದು.

ಮೊದಲು ಹೀಗಿರಲಿಲ್ಲ. ಬೇಸಿಗೆಯ ಎರಡು-ಮೂರು ತಿಂಗಳು ವ್ಯಾಪಾರ, ಆಮೇಲೆ ಬಾಗಿಲು ಹಾಕಿದ ಹೋಟೆಲ್‌ಗಳು. ಊರಿನ ಉತ್ತರಕ್ಕಿರುವ ಪ್ರಾಯಾ ದೊ ನೊರ್ತೆ ಬೀಚ್ ಅಂದರೆ ಮೀನುಗಾರರಿಗೆ ಭಯ. 1980ರ ದಶಕದಲ್ಲಿ ಬಂದರು ಆಗುವ ತನಕ ಅವರು ದೋಣಿಯನ್ನು ಮರಳಿನಿಂದಲೇ ಅಲೆಗೆ ನೂಕಬೇಕಿತ್ತು. ದಡದಲ್ಲಿ ಮನೆಯವರು ನೋಡುತ್ತಿದ್ದಂತೆಯೇ ದೋಣಿ ಮಗುಚಿದ್ದೂ ಉಂಟು. ಅಂಥ ಕಡಲಲ್ಲಿ ಹಲಗೆ ಹಿಡಿದು ಆಡೋಕೆ ಬಂದವರನ್ನು ಊರವರು ಹುಚ್ಚರು ಅಂದುಕೊಂಡರೆ ತಪ್ಪೇನಿದೆ?

ಅಲೆ ಅಷ್ಟು ಎತ್ತರ ಏಳೋದಕ್ಕೆ ಕಾರಣ ನೀರಿನಡಿಯ ಕಂದಕ. ಉದ್ದ 200 ಕಿ.ಮೀ.ಗೂ ಹೆಚ್ಚು, ಆಳ ಕೆಲವೆಡೆ 5 ಕಿ.ಮೀ.ಗೆ ಹತ್ತಿರ, ಅದರ ತುದಿ ಬಹುತೇಕ ದಡಕ್ಕೇ ತಾಗಿದೆ. ಆಳದ ಮೇಲೆ ಬರುವ ಅಲೆ ವೇಗ ಕಳಕೊಳ್ಳೋದಿಲ್ಲ, ಪಕ್ಕದ ಆಳ ಕಡಿಮೆ ಇರುವ ಕಡೆ ಬರುವ ಅಲೆ ನಿಧಾನವಾಗುತ್ತದೆ. ಎರಡೂ ದಡದ ಹತ್ತಿರ ಕೂಡಿಕೊಂಡು ಗೋಡೆಯಂತೆ ಏಳುತ್ತವೆ.

2010ರಲ್ಲಿ ಹವಾಯಿಯ ಸರ್ಫರ್ ಗ್ಯಾರೆಟ್ ಮೆಕ್‌ನಮಾರಾ ಸ್ಥಳೀಯರ ಕರೆಗೆ ಬಂದರು, ಪುರಸಭೆ ಬೆನ್ನಿಗೆ ನಿಂತಿತು. 2011ರ ನವೆಂಬರ್‌ನಲ್ಲಿ ಅವರು 78 ಅಡಿ ಅಲೆ ಏರಿದ್ದು ವಿಶ್ವದಾಖಲೆ. 2020ರ ಅಕ್ಟೋಬರ್ 29ರಂದು ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್‌ನರ್ 86 ಅಡಿಯ ಅಲೆ ಏರಿ ಗಿನ್ನೆಸ್ ಸೇರಿದರು. ದಾಖಲೆಯ ಸುದ್ದಿ ಎಲ್ಲರಿಗೂ ಗೊತ್ತು. ಅಂಗಡಿಯವರು ಗಮನಿಸಬೇಕಾದ್ದು ಬೇರೆಯೇ ಇದೆ. ಅಲ್ಲಿಗೆ ಬರುವವರಲ್ಲಿ ಬಹುತೇಕರು ನೀರಿಗೆ ಇಳಿಯೋದೇ ಇಲ್ಲ! ಬಂಡೆಯ ತುದಿಯ ಹಳೇ ಕೋಟೆ, ಲೈಟ್‌ಹೌಸ್ ಹತ್ತಿರ ನಿಂತು ನೋಡ್ತಾರೆ. ಆ ಕೋಟೆಯನ್ನು ಪುರಸಭೆ ಜನರಿಗೆ ತೆರೆದು, ಒಳಗೆ ಸರ್ಫರ್‌ಗಳ ಹಲಗೆಗಳನ್ನು ಇಟ್ಟಿದೆ. ಅಲೆ ನೋಡಲು ದುಡ್ಡಿಲ್ಲ. ಖರ್ಚೆಲ್ಲ ಊಟ, ರೂಮು, ಕಾಫಿ, ಒಣಮೀನಿಗೆ.

ತೊಂದರೆ ಇಲ್ಲವೇ? ಇದೆ. ದೊಡ್ಡ ಅಲೆ ಯಾವತ್ತು ಅಂತ ಕೆಲವೇ ದಿನ ಮೊದಲು ಗೊತ್ತಾಗೋದು, ಹಾಗಾಗಿ ಜನ ಒಮ್ಮೆಲೇ ನುಗ್ಗುತ್ತಾರೆ. ಅದೇ 2020ರ ಅಕ್ಟೋಬರ್ 29ರಂದು ಕೋವಿಡ್ ನಡುವೆಯೇ ಭಾರೀ ಜನ ಸೇರಿ, ಬಳಿಕ ಸರ್ಫಿಂಗ್‌ಗೇ ತಡೆ ಹಾಕಬೇಕಾಯಿತು. 2013ರಲ್ಲಿ ಬ್ರೆಜಿಲ್‌ನ ಮಾಯಾ ಗಬೇರಾ ಇಲ್ಲಿ ಮುಳುಗಿ, ಪ್ರಜ್ಞೆ ತಪ್ಪಿ, ದಡದಲ್ಲಿ ಚೇತರಿಸಿಕೊಂಡರು. 2023ರ ಜನವರಿಯಲ್ಲಿ ಬ್ರೆಜಿಲ್‌ನವರೇ ಆದ ಮಾರ್ಸಿಯೊ ಫ್ರೇರಿ ತೀರಿಕೊಂಡರು. ಜೆಟ್ ಸ್ಕಿ, ರಕ್ಷಣಾ ತಂಡ ಎಲ್ಲ ಇದ್ದೂ ಇಷ್ಟು.

ನಮ್ಮ ಮೂಲ್ಕಿಯ ಸಸಿಹಿತ್ಲು ಹೆಸರು ಇಲ್ಲಿ ಬರಲೇಬೇಕು. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಶುರುವಾದದ್ದು ಅಲ್ಲೇ. ನಮ್ಮ ತೀರದ ಹೊರಗೆ ಸಮುದ್ರದ ತಳ ಅಗಲವಾಗಿ, ಆಳ ಕಡಿಮೆಯಾಗಿ ಹರಡಿದೆ. ನಜರೆಯ ಕಂದಕ ಇಲ್ಲ. ಹಾಗಾಗಿ 80 ಅಡಿಯ ಕನಸು ಬೇಡ. ಹೋಲಿಕೆ ಇರೋದು ಕ್ಯಾಲೆಂಡರ್‌ನಲ್ಲಿ. ಇತ್ತೀಚಿನ ವರ್ಷಗಳಲ್ಲಿ ಸ್ಪರ್ಧೆ ನಡೆಯೋದು ಮೇ ಕೊನೆ, ಜೂನ್ ಆರಂಭದಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಂಜುಗಡ್ಡೆ, ಡೀಸೆಲ್, ದಿನಸಿ, ಎಲ್ಲ ವ್ಯಾಪಾರವೂ ತಗ್ಗುವ 61 ದಿನ.

ಆದರೆ ಸ್ಪರ್ಧೆ ಮೂರು ದಿನದ್ದು. ಮಳೆಗಾಲದ ಕಡಲಿಗೆ ಜನರನ್ನು ಕರೆಯೋದಾದರೆ ನಜರೆಯ ಬಂಡೆಯ ಹಾಗೆ ಎತ್ತರದ, ಗಟ್ಟಿ ಜಾಗ ಬೇಕು. ಸಸಿಹಿತ್ಲುವಿನಲ್ಲಿ ಇರೋದು ಮರಳು, ಅದನ್ನೂ ಕಡಲ್ಕೊರೆತ ತಿನ್ನುತ್ತಿದೆ. ಅಳಿವೆ ಪಕ್ಕದಲ್ಲಿ ಜನ ಎಲ್ಲಿ ನಿಲ್ಲಬೇಕು, ಗೂಡಂಗಡಿ ಎಲ್ಲಿರಬೇಕು, ನೀರಿಗಿಳಿಯುವವರನ್ನು ತಡೆಯೋರು ಯಾರು ಎಂಬುದು ಬ್ಯಾನರ್ ಕಟ್ಟುವ ಮೊದಲೇ ತೀರ್ಮಾನವಾಗಬೇಕಾದ ವಿಷಯ.