ಸಕ್ಕರೆಯ ಕಿರ್ದಿ

ಸಕ್ಕರೆ ಕಾಯಿಲೆ ಕೂತು ಉಣ್ಣುವವರ ಕಾಯಿಲೆ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳು. ಇನ್ನೂ 13 ಕೋಟಿಗೂ ಮಿಕ್ಕಿದವರು ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಮಂದಿ ಶ್ರೀಮಂತರು ಈ ದೇಶದಲ್ಲಿ ಎಲ್ಲಿದ್ದಾರೆ?

ರಾತ್ರಿ ಪಾಳಿಯ ಕಾರ್ಮಿಕ, ಬೆಳಗಿನಿಂದ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಂಗಡಿಕಾರ, ಇಬ್ಬರೂ ಊಟದ ಹೊತ್ತು ತಪ್ಪಿದವರು. ಹಸಿವು ಮುರಿಯಲು ಸಕ್ಕರೆ ಸುರಿದ ಚಹಾ, ಮಿರ್ಚಿ, ಮಂಡಕ್ಕಿ. ಆಮೇಲೆ ಒಂದೇ ಸಲಕ್ಕೆ ತಟ್ಟೆ ತುಂಬ ಅನ್ನ. ರೋಗ ಹೀಗೆಯೇ ಬಲಿಯುತ್ತದೆ.

ಈಗ ತೋಳಿಗೆ ಅಂಟಿಸಿಕೊಳ್ಳುವ ಒಂದು ಬಿಲ್ಲೆ ಬಂದಿದೆ. ಅದರ ತೆಳುವಾದ ಎಳೆ ಚರ್ಮದ ಕೆಳಗಿನ ದ್ರವದಲ್ಲಿರುವ ಸಕ್ಕರೆಯನ್ನು ಕೆಲವು ನಿಮಿಷಕ್ಕೊಮ್ಮೆ ಅಳೆದು ಮೊಬೈಲಿಗೆ ತಿಳಿಸುತ್ತದೆ. ಸಾಮಾನ್ಯವಾಗಿ ಸಿಗುವುದು 14 ದಿನ ಬಾಳುತ್ತದೆ. ವ್ಯಾಪಾರಿ ಬಂಧುಗಳಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ: ವರ್ಷಕ್ಕೊಮ್ಮೆ ಶಿಲ್ಕು ನೋಡುವ ಅಂಗಡಿಗೂ ದಿನದಿನವೂ ಕಿರ್ದಿ ಬರೆಯುವ ಅಂಗಡಿಗೂ ಇರುವ ವ್ಯತ್ಯಾಸವೇ ಅದು. ರಾಗಿ ಮುದ್ದೆ ಎಷ್ಟು ಉಂಡರೂ ಸಕ್ಕರೆ ಏರದೆಂಬ ನಂಬಿಕೆಯನ್ನು ಈ ಕಿರ್ದಿ ಎರಡೇ ದಿನದಲ್ಲಿ ಅಳಿಸಿಹಾಕುತ್ತದೆ. ಮೊದಲು ಪಲ್ಯ, ಕಾಳು ತಿಂದು ಬಳಿಕ ಅನ್ನ ಉಂಡರೆ, ಉಂಡ ಮೇಲೆ ಕಾಲು ಗಂಟೆ ನಡೆದರೆ, ಏರು ತಗ್ಗುವುದನ್ನು ಕಣ್ಣಾರೆ ಕಾಣಬಹುದು.

ಹೆಚ್ಚಿನವರಿಗೆ ವೈದ್ಯರು ಇಡುವ ಗುರಿಯೆಂದರೆ ದಿನದ ನೂರರಲ್ಲಿ 70 ಪಾಲಿಗೂ ಹೆಚ್ಚು ಹೊತ್ತು ಅಂಕಿ 70ರಿಂದ 180ರೊಳಗೆ ಇರಬೇಕೆಂಬುದು. 70ಕ್ಕಿಂತ ಇಳಿದರೆ ಅದೂ ಅಪಾಯವೇ. ಇನ್ಸುಲಿನ್ ಚುಚ್ಚಿಕೊಂಡು ಯಂತ್ರದ ಮುಂದೆ ನಿಲ್ಲುವವನ ಕಿಸೆಯಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲೇಬೇಕು. ಬಿಲ್ಲೆಯ ಅಂಕಿ ರಕ್ತದ ಅಂಕಿಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಆದ್ದರಿಂದ ಬಿಲ್ಲೆ ಸರಿಯಿದೆ ಎಂದರೂ ಮೈ ನಡುಗಿ ಬೆವರುತ್ತಿದ್ದರೆ ಬೆರಳು ಚುಚ್ಚಿ ನೋಡಬೇಕು. ಅಂಕಿ ಚೆನ್ನಾಗಿದೆಯೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡುವವರೂ ಉಂಟು. ಅದು ಶುದ್ಧ ಹುಚ್ಚುತನ.

ಇನ್ನು ಬೆಲೆಯ ಮಾತು. 14 ದಿನದ ಬಿಲ್ಲೆಗೆ ಸಾವಿರಗಟ್ಟಲೆ ರೂಪಾಯಿ. ತಿಂಗಳಿಗೆ ಎರಡು ಬೇಕು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರು 1923ರಲ್ಲಿ ಇನ್ಸುಲಿನ್ನಿನ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಬಿಟ್ಟುಕೊಟ್ಟರು. ನೂರು ವರ್ಷದ ಮೇಲೆ ಅದೇ ಇನ್ಸುಲಿನ್ನಿನ ಲೆಕ್ಕ ಇಡುವ ಬಿಲ್ಲೆ ಕೂಲಿಯವನ ತೋಳಿಗೆ ನಿಲುಕುತ್ತಿಲ್ಲ.

ಇದು ಎಲ್ಲರಿಗೂ ವರ್ಷವಿಡೀ ಬೇಕೆಂದು ನಾವು ಹೇಳುವುದಿಲ್ಲ. ಮಾತ್ರೆಯಲ್ಲಿ ಹತೋಟಿಗೆ ಬಂದವನು ಎಂದಾದರೊಮ್ಮೆ 14 ದಿನ ಧರಿಸಿದರೂ ಬಹಳ ಕಲಿಯುತ್ತಾನೆ. ದಿನಕ್ಕೆ ಮೂರು ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವನ ಮಾತು ಬೇರೆ. ಇ.ಎಸ್.ಐ.ಗೆ ಒಳಪಟ್ಟ ಕಾರ್ಮಿಕನ ನೂರು ರೂಪಾಯಿ ಕೂಲಿಗೆ ಅವನಿಂದ 75 ಪೈಸೆ, ಮಾಲೀಕನಿಂದ 3 ರೂಪಾಯಿ 25 ಪೈಸೆ ವಂತಿಗೆ ಹೋಗುತ್ತದೆ. ಆ ಹಣದಿಂದ ಇಂಥವರಿಗೆ ಬಿಲ್ಲೆ ಕೊಡಲಿ ಎಂಬುದು ನಮ್ಮ ಬೇಡಿಕೆ. ವಂತಿಗೆಯ ಆಸರೆಯಿಲ್ಲದ ಸಣ್ಣ ವ್ಯಾಪಾರಿಗೆ ಜಿಲ್ಲಾಸ್ಪತ್ರೆಯಲ್ಲಿ ಅದು ದೊರೆಯಬೇಕು.

ಅಲ್ಲಿಯವರೆಗೆ ಬೆರಳು ಚುಚ್ಚುವ ಪರೀಕ್ಷೆ ಇದ್ದೇ ಇದೆ. 30 ದಾಟಿದವರಿಗೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಕಾಸು ಕೊಡಬೇಕಿಲ್ಲ. ಪಾಳಿ ಬದಲಾಗುವ ದಿನ ಮನೆಯವರನ್ನೂ ಕರೆದುಕೊಂಡು ಹೋಗಿ ಬನ್ನಿ.