ಕೊನೆಯ ಆ ಎರಡು ಸಾಲು ಬೇಡ

ಬೋಧನಾಭ್ಯಾಸಕ್ಕಾಗಿ ನಾವೆಲ್ಲ ಚಿಕ್ಕ ಮಕ್ಕಳಿಗೆ ಪದ್ಯ, ಚಿತ್ರಪುಸ್ತಕ ಬರೆಯುತ್ತೇವೆ. ಅವುಗಳಲ್ಲಿ ಹೆಚ್ಚಿನವು ಒಂದೇ ರೀತಿ ಮುಗಿಯುತ್ತವೆ: ಇರುವೆಯಿಂದ ದುಡಿಮೆ ಕಲಿಯಿರಿ, ಮರದಿಂದ ತ್ಯಾಗ ಕಲಿಯಿರಿ. ಪಾಠಯೋಜನೆಯಲ್ಲಿ ‘ಮೌಲ್ಯ’ ಎಂಬ ಅಂಕಣವಿದೆ. ಅದನ್ನು ತುಂಬಲೆಂದೇ ಕೊನೆಯ ಎರಡು ಸಾಲು ಹುಟ್ಟುತ್ತವೆ. ಆರೇಳು ವರ್ಷದ ಮಕ್ಕಳಿಗೆ ಬರೆಯುವಾಗ ಅವನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ವಿಜ್ಞಾನದ ವಿದ್ಯಾರ್ಥಿ. ಒಂದನೆಯ ತರಗತಿಗೆ ಮೊಳಕೆಯ ಬಗ್ಗೆ ಬರೆದ ಪದ್ಯ ಇಷ್ಟೇ:

ಹೆಸರುಕಾಳು ನೆನೆಯಿತು
ಉಬ್ಬಿ ಹೊಟ್ಟೆ ಬಿರಿಯಿತು
ಬಾಲವೊಂದು ಬಂದಿತು
ಕೆಳಗೆ ಕೆಳಗೆ ಇಳಿಯಿತು

ಇದರಲ್ಲಿ ‘ಬೇರು’ ಎಂಬ ಪದವಿಲ್ಲ. ಅದನ್ನು ತೋರಿಸುವುದು ಚಿತ್ರದ ಕೆಲಸ. ಚಿತ್ರ ತೋರಿಸಿದ್ದನ್ನೇ ಪದ್ಯ ಮತ್ತೆ ಹೇಳಿದರೆ ಮಕ್ಕಳಿಗೆ ಹುಡುಕಲು ಏನೂ ಉಳಿಯುವುದಿಲ್ಲ. ಪುಟದ ಮೇಲಿನ ಬಿಳಿ ಬಾಲವನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳನ್ನೂ ಹೋಲಿಸಿ ಅದು ಬೇರು ಎಂದು ಅವರೇ ಹೇಳಿದರು. “ಬಾಲ ಯಾಕೆ ಮೇಲಕ್ಕೆ ಹೋಗಲ್ಲ?” ಎಂದು ಒಬ್ಬಳು ಕೇಳಿದಳು. ಬೀಜದಂತೆ ನಾವೂ ಬೆಳೆಯೋಣ ಎಂದು ಪದ್ಯ ಮುಗಿದಿದ್ದರೆ ಈ ಪ್ರಶ್ನೆಗೆ ಜಾಗವೇ ಇರುತ್ತಿರಲಿಲ್ಲ.

ಲಯದ ಮಾತೂ ಇದೆ. ಮೇಲಿನ ಸಾಲುಗಳು ಮೂರು ಮಾತ್ರೆಯ ಗಣಗಳಲ್ಲಿವೆ, ಗಣಕ್ಕೊಂದು ಚಪ್ಪಾಳೆ. ಚಪ್ಪಾಳೆ ಎಡವಿದಲ್ಲಿ ಪದ ಬದಲಿಸಬೇಕು. ನೀತಿಯ ಸಾಲುಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ. ‘ಪರೋಪಕಾರ’, ‘ಕರ್ತವ್ಯ’ ಮುಂತಾದ ಪದಗಳನ್ನು ಚಪ್ಪಾಳೆಗೆ ಹೊಂದಿಸುವುದೂ ಕಷ್ಟ, ಚಿತ್ರದಲ್ಲಿ ಬರೆಯುವುದೂ ಕಷ್ಟ.

ಮೌಲ್ಯ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಆದರೆ ಅದು ಘಟನೆಯೊಳಗೇ ಇರಲಿ. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯಲ್ಲೂ ಜಂಬಕ್ಕೆ ಪೆಟ್ಟು ಬೀಳುತ್ತದೆ. ಅದು ಬೀಳುವುದು ತುತ್ತೂರಿ ನೀರಿಗೆ ಜಾರಿ ಸ್ವರ ಕೆಟ್ಟಾಗ. ಮಕ್ಕಳು ಮೊದಲು ನಗುತ್ತಾರೆ. ಅರ್ಥ ಆ ನಗುವಿನಲ್ಲೇ ಬರುತ್ತದೆ.

ಮಕ್ಕಳಿಗೆ ಬರೆಯುವುದು ಕನ್ನಡ ವಿಷಯದ ಗೆಳೆಯರ ಕೆಲಸವೆಂದು ನಾವು ವಿಜ್ಞಾನದವರು ದೂರ ಉಳಿಯಬಾರದು. ಶಿಶುಸಾಹಿತ್ಯಕ್ಕೆ ಅಡಿಪಾಯ ಹಾಕಿದ ಪಂಜೆ ಮಂಗೇಶರಾಯರು (1874–1937) ಶಿಕ್ಷಕರಾಗಿದ್ದವರು, ಶಾಲೆಗಳ ಇನ್ಸ್‌ಪೆಕ್ಟರರೂ ಆಗಿದ್ದವರು. ತರಗತಿಯಲ್ಲಿ ನಿಂತವರಿಗೆ ಮಕ್ಕಳ ಕಿವಿ ಗೊತ್ತಿರುತ್ತದೆ.

ನಮ್ಮ ಮಾರ್ಗದರ್ಶಕರಲ್ಲಿ ಒಂದು ವಿನಂತಿ. ಪದ್ಯ ಮತ್ತು ಚಿತ್ರಪುಸ್ತಕಗಳ ಮೌಲ್ಯಮಾಪನದಲ್ಲಿ ‘ಮೌಲ್ಯ’ದ ಅಂಕಣದ ಬದಲು ‘ಮಕ್ಕಳು ಕೇಳಿದ ಪ್ರಶ್ನೆಗಳು’ ಎಂಬ ಅಂಕಣವಿರಲಿ. ಅದನ್ನು ನಾವು ಮನೆಯಲ್ಲಿ ಕುಳಿತು ತುಂಬಲಾಗದು; ತರಗತಿಯಲ್ಲಿ ಮಕ್ಕಳ ಮಾತು ಕೇಳಿಯೇ ತುಂಬಬೇಕು.